ಕೌದಿ ಕೆಟ್ಟಿದ್ದು ಎಲ್ಲಿ? ತಪ್ಪಿನ ಮೂಲ ಹಿಡಿದು ಹೊಲಿಗೆ ಕಲಿಯುವ ಬಗೆ

ಹೊಸದಾಗಿ ಕೌದಿ ಹೊಲಿಯುವವರು ತಪ್ಪನ್ನೆಲ್ಲ ಹೊಲಿಗೆಯಲ್ಲೇ ಹುಡುಕುತ್ತಾರೆ. ಸಾಲು ಸೊಟ್ಟ ಆಯ್ತು, ಒಂದು ಹೊಲಿಗೆ ದೊಡ್ಡದು ಒಂದು ಸಣ್ಣದು ಬಿತ್ತು ಅಂತ ಕೊರಗುತ್ತಾರೆ. ಸಾಲು ಸೊಟ್ಟ ಇದ್ದ ಮಾತ್ರಕ್ಕೆ ಯಾವ ಕೌದಿಯೂ ಕೆಡುವುದಿಲ್ಲ. ಕೌದಿಯನ್ನು ನಿಜವಾಗಿ ಕೆಡಿಸುವ ತಪ್ಪುಗಳು ಬಹುಪಾಲು ಸೂಜಿ ಹಿಡಿಯುವ ಮೊದಲೇ ಆಗಿಹೋಗಿರುತ್ತವೆ. ಅರಿವೆ ಆರಿಸುವಾಗ, ಒಗೆಯುವಾಗ, ನೆಲದ ಮೇಲೆ ಹಾಸುವಾಗ. ಅವು ಕಣ್ಣಿಗೆ ಬೀಳುವುದು ಮಾತ್ರ ವಾರಗಟ್ಟಲೆ ಹೊಲಿದ ಮೇಲೆ, ಇಲ್ಲವೇ ಮೊದಲ ಸಲ ನೀರಿಗೆ ಹಾಕಿದ ಮೇಲೆ.

ಅದಕ್ಕೇ ಇಲ್ಲಿ ಎರಡು ಕೆಲಸ ಒಟ್ಟಿಗೆ ಮಾಡೋಣ. ಹೊಲಿಯುವ ಹೆಜ್ಜೆಗಳನ್ನು ಸಾಲಾಗಿ ನೋಡೋಣ. ಜೊತೆಗೆ ಪ್ರತಿ ಹೆಜ್ಜೆಯಲ್ಲಿ ಏನು ತಪ್ಪುತ್ತದೆ, ಆ ತಪ್ಪು ಮುಂದೆ ಎಲ್ಲಿ ತಲೆ ಎತ್ತುತ್ತದೆ, ಅದನ್ನು ಹಿಡಿದು ಹಿಂದಕ್ಕೆ ಹೋಗುವುದು ಹೇಗೆ ಅಂತಲೂ ನೋಡೋಣ. ಹುಬ್ಬಳ್ಳಿ-ಧಾರವಾಡದ ಕಡೆ ಮನೆಯಲ್ಲಿ ಸಿಗುವ ಸಾಮಾನಿನ ಲೆಕ್ಕದಲ್ಲೇ ಹೇಳುತ್ತೇನೆ. ಹಳೆ ಸೀರೆ, ಧೋತರ, ಅಂಗಿ, ಟೇಲರ್ ಅಂಗಡಿಯ ಕಟ್ ಪೀಸ್. ಗಾದಿಗೆ ತುಂಬುವ ಹಾಗೆ ಕೌದಿಗೆ ಹತ್ತಿ ತುಂಬುವುದಿಲ್ಲ. ಅರಿವೆಯ ಮೇಲೆ ಅರಿವೆ ಹಾಸಿ, ಎಲ್ಲ ಪದರ ಸೇರಿಸಿ ಕೈಯಿಂದ ಹೊಲಿಯುವುದೇ ಕೌದಿ. ಹಾಗಾಗಿ ಅರಿವೆಯ ಗುಣವೇ ಕೌದಿಯ ಗುಣ.

ಮೊದಲು ಕೂಸಿನ ಕೌದಿ

ದೊಡ್ಡ ಹಾಸಿಗೆಯ ಅಳತೆಗೆ ಕೈ ಹಾಕಬೇಡಿ. 30 ಇಂಚು ಅಗಲ, 36 ಇಂಚು ಉದ್ದದ ಕೂಸಿನ ಕೌದಿಯಿಂದ ಶುರು ಮಾಡಿ. ಬೇಗ ಮುಗಿಯುತ್ತದೆ ಅನ್ನುವುದಷ್ಟೇ ಕಾರಣ ಅಲ್ಲ. ಆರಿಸುವುದು, ಹಾಸುವುದು, ಹೊಲಿಯುವುದು, ಒಗೆಯುವುದು, ಒಣಗಿಸುವುದು ಅಂತ ಪೂರ್ತಿ ಒಂದು ಸುತ್ತು ಮುಗಿದಾಗಲೇ ಎಲ್ಲಿ ಏನು ತಪ್ಪಿತು ಅಂತ ತಿಳಿಯುವುದು. ಏಳಡಿ ಉದ್ದದ ಕೌದಿಯಲ್ಲಿ ಆ ಸುತ್ತು ಮುಗಿಯಲು ತಿಂಗಳುಗಳೇ ಬೇಕು. ಅಷ್ಟೊತ್ತಿಗೆ ಯಾವ ಅರಿವೆ ಎಲ್ಲಿ ಹಾಕಿದಿರಿ, ಹೇಗೆ ಹಾಸಿದಿರಿ ಅನ್ನುವುದೇ ಮರೆತುಹೋಗಿರುತ್ತದೆ.

ಇದರ ಜೊತೆಗೆ ಅಂಗೈ ಅಗಲದ ಒಂದು ಮಾದರಿ ತುಂಡು ಬೇಕು. ಕೌದಿಗೆ ಹಾಕುವ ಅದೇ ಅರಿವೆಗಳು, ಅಷ್ಟೇ ಪದರ, ಅದೇ ದಾರ. ನಾಲ್ಕು ಸಾಲು ಹೊಲಿದು ಬಕೆಟ್ ನೀರಿಗೆ ಹಾಕಿ, ಹಿಂಡಿ, ಒಣಗಿಸಿ ನೋಡಿ. ಬಣ್ಣ ಬಿಡುವ ಅರಿವೆ, ಕುಗ್ಗುವ ಅರಿವೆ, ಸೂಜಿ ಹೋಗದ ಅರಿವೆ, ಮೂರೂ ಇಲ್ಲೇ ಸಿಕ್ಕಿಬೀಳುತ್ತವೆ. ಒಣಗುವ ಹೊತ್ತು ಬಿಟ್ಟರೆ ಈ ಕೆಲಸಕ್ಕೆ ಅರ್ಧ ತಾಸು ಸಾಕು. ಆದರೂ ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ.

ಅರಿವೆ ಆರಿಸುವುದು

ಮೆತ್ತಗಾದ ಹಳೆ ಹತ್ತಿ ಸೀರೆ, ಧೋತರ, ಲುಂಗಿ ಕೌದಿಗೆ ಚಲೋ. ಬೆಡ್‌ಶೀಟ್ ಬಿಗಿ ನೇಯ್ಗೆಯದಾಗಿದ್ದರೆ ಸೂಜಿ ಹೋಗುವುದು ಕಷ್ಟ. ಜೀನ್ಸ್ ಅಂತೂ ಬೇಡವೇ ಬೇಡ.

ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪು ಅಂದರೆ ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆಸುವುದು. ಹತ್ತಿ ನೀರಿಗೆ ಬಿದ್ದರೆ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಹೊಲಿದಾಗ ಎರಡೂ ಸಪಾಟಾಗಿ ಕೂತಿರುತ್ತವೆ. ಒಗೆದ ಮೇಲೆ ಹತ್ತಿಯ ಪದರ ಗಿಡ್ಡ ಆಗಿ, ಅದರ ಮೇಲಿನ ಪಾಲಿಯೆಸ್ಟರ್ ತುಂಡು ಉಬ್ಬಿ ನಿಲ್ಲುತ್ತದೆ. ನೋಡಿದವರು ಹೊಲಿಗೆ ಸಡಿಲ ಆಯ್ತು ಅಂದುಕೊಳ್ಳುತ್ತಾರೆ. ಮುಂದಿನ ಕೌದಿಯಲ್ಲಿ ದಾರ ಬಿಗಿಯಾಗಿ ಎಳೆಯುತ್ತಾರೆ. ಆಗ ಇನ್ನೊಂದು ತಪ್ಪು ಹುಟ್ಟುತ್ತದೆ, ಮೊದಲಿನದು ಹಾಗೇ ಉಳಿಯುತ್ತದೆ.

ಯಾವುದು ಹತ್ತಿ, ಯಾವುದು ಅಲ್ಲ ಅಂತ ಮುಟ್ಟಿ ಹೇಳುವುದು ಸುಲಭ ಅಲ್ಲ, ಅದೂ ಟೆರಿಕಾಟ್ ಅಂಗಿಗಳಲ್ಲಿ. ಅಂಚಿನಿಂದ ನಾಲ್ಕು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ಬಚ್ಚಲ ಕಲ್ಲಿನ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಬೂದಿಯೂ ಇದೆ, ಮಣಿಯೂ ಇದೆ ಅಂದರೆ ಅದು ಬೆರಕೆ. ಬೆರಕೆ ಅರಿವೆಗಳನ್ನೆಲ್ಲ ಬೇರೆ ಗಂಟು ಕಟ್ಟಿಡಿ. ಅವುಗಳದ್ದೇ ಒಂದು ಕೌದಿ ಹೊಲಿಯಬಹುದು. ಹತ್ತಿಯ ಜೊತೆ ಮಾತ್ರ ಬೇಡ.

ಇನ್ನೊಂದು ಪರೀಕ್ಷೆ ಜೀರ್ಣ ಆಗಿದೆಯೋ ಇಲ್ಲವೋ ಅಂತ ನೋಡುವುದು. ಅರಿವೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಸೀರೆಯಲ್ಲಿ ನೆರಿಗೆ ಸಿಕ್ಕಿಸುವ ಜಾಗ, ಧೋತರದಲ್ಲಿ ಕೂರುವ ಜಾಗ, ಅಂಗಿಯಲ್ಲಿ ಕಾಲರ್ ಮತ್ತು ಬೆನ್ನು ಮೊದಲು ತೆಳುವಾಗುತ್ತವೆ. ತೆಳು ಕಂಡ ಕಡೆ ಎರಡೂ ಹೆಬ್ಬೆರಳು ಇಟ್ಟು ಹಗುರವಾಗಿ ಎಳೆಯಿರಿ. ಚರ್ ಅಂದರೆ ಮೇಲಿನ ಪದರಕ್ಕೆ ಬೇಡ, ಒಳಗಿನ ಪದರಕ್ಕೆ ಹಾಕಿ. ಹೊಸ ಗಟ್ಟಿ ತುಂಡಿನ ಪಕ್ಕ ಜೀರ್ಣವಾದ ತುಂಡು ಕೂಡಿಸಿದರೆ, ಗಟ್ಟಿ ತುಂಡು ಅದನ್ನು ಎಳೆದು ಹರಿಯುತ್ತದೆ. ವರ್ಷದೊಳಗೆ ಕೌದಿಯಲ್ಲಿ ತೂತು ಬಿತ್ತು ಅಂದರೆ ಮೊದಲು ನೋಡಬೇಕಾದ್ದು ಇದನ್ನೇ. ತೂತು ಹೊಲಿಗೆಯ ಸಾಲಿನ ಗುಂಟ ಬಿದ್ದಿದೆಯೋ, ಎರಡು ತುಂಡು ಕೂಡುವ ಕಡೆ ಬಿದ್ದಿದೆಯೋ? ಸಾಲಿನ ಗುಂಟ ಬಿದ್ದಿದ್ದರೆ ದಾರ ಅರಿವೆಗಿಂತ ಗಟ್ಟಿ ಇತ್ತು ಅಂತ ಅರ್ಥ. ಕೂಡುವ ಕಡೆ ಬಿದ್ದಿದ್ದರೆ ಅರಿವೆಗಳ ಜೋಡಿ ಸರಿ ಇರಲಿಲ್ಲ.

ಇಳಕಲ್ ಸೀರೆಯ ಬಗ್ಗೆ ಎಚ್ಚರ ಇರಲಿ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದೋ, ಆರ್ಟ್ ಸಿಲ್ಕಿನದೋ ಇರುತ್ತದೆ. ಎರಡೂ ಒಂದೇ ರೀತಿ ಬಾಳುವುದಿಲ್ಲ. ಸೆರಗು ಬೇರೆ, ಒಡಲು ಬೇರೆ ಮಾಡಿ ಕತ್ತರಿಸಿ. ಹಳೆ ರೇಷ್ಮೆ ಮಡಿಕೆಯಲ್ಲೇ ಸೀಳುತ್ತದೆ, ಜರಿಯ ತಂತಿ ದಾರವನ್ನು ಉಜ್ಜಿ ಕಡಿಯುತ್ತದೆ. ಗುಳೇದಗುಡ್ಡದ ಖಣ ನೋಡಲು ಭಾರಿ ಚೆಂದ, ಕೌದಿಯ ನಡುವೆ ಇಟ್ಟರೆ ಮನೆಯೆಲ್ಲ ಬೆಳಗುತ್ತದೆ. ಆದರೆ ಕತ್ತರಿಸಿದ ಅಂಚಿನಿಂದ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬೇರೆ ಅರಿವೆಗೆ ಕಾಲಿಂಚು ಒಳಕ್ಕೆ ಮಡಚಿದರೆ ಇದಕ್ಕೆ ಅರ್ಧ ಇಂಚಿಗಿಂತ ಕಡಿಮೆ ಮಡಚಬೇಡಿ.

ಅಜ್ಜಿಯ ಕಾಲದ ಕೈ ಕಸೂತಿ ಇರುವ ಸೀರೆ ಸಿಕ್ಕರೆ ಅದಕ್ಕೆ ಕತ್ತರಿ ಹಾಕಬೇಡಿ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಹೊಲಿಗೆಗಳನ್ನು ಎಳೆ ಎಣಿಸಿ ಹಾಕಿರುವ ಕೆಲಸ ಅದು. ಕಲಿಯುವ ಕೌದಿಗೆ ಅದನ್ನು ಬಳಸುವುದು ಅನ್ಯಾಯ.

ನೀರಿಗೆ ಹಾಕುವುದು

ಪ್ರತಿ ಅರಿವೆಯನ್ನೂ ಹೊಲಿಯುವ ಮೊದಲು ಒಗೆಯಬೇಕು. ಹೊಸ ಕಟ್ ಪೀಸ್ ಆಗಲಿ, ಖಾದಿ ಆಗಲಿ, ಟೇಲರ್ ಕೊಟ್ಟ ಚೂರಾಗಲಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗುವುದು ಮಾಮೂಲು. ಇಪ್ಪತ್ತು ಸಲ ಒಗೆದ ಹಳೆ ಸೀರೆ ಇನ್ನು ಕುಗ್ಗುವುದಿಲ್ಲ. ಇವೆರಡನ್ನೂ ಒಗೆಯದೆ ಕೂಡಿಸಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಗಂಜಿ ಹಾಕಿದ ಸೀರೆಯಾದರೆ ಬೆಚ್ಚನೆ ನೀರಲ್ಲಿ ನೆನೆಸಿ ಗಂಜಿ ಪೂರ್ತಿ ತೆಗೆಯಿರಿ. ಗಂಜಿ ಉಳಿದರೆ ಸೂಜಿ ಹೋಗುವುದು ಕಷ್ಟ, ಮೇಲಾಗಿ ಹುಳ ಬರುತ್ತದೆ.

ಬಣ್ಣದ ಪರೀಕ್ಷೆ ಹೀಗೆ ಮಾಡಿ. ಒದ್ದೆ ಬಿಳಿ ಧೋತರದ ಚೂರನ್ನು ಅರಿವೆಯ ಮೇಲಿಟ್ಟು, ಕಾದ ಇಸ್ತ್ರಿ ಒತ್ತಿ, ತೆಗೆದು ನೋಡಿ. ಬಿಳಿ ಚೂರಿಗೆ ಬಣ್ಣ ಹತ್ತಿದ್ದರೆ ಆ ಅರಿವೆ ಇನ್ನೂ ತಯಾರಿಲ್ಲ. ಕೆಂಪು, ಕುಂಕುಮ ಬಣ್ಣ, ಗಾಢ ನೀಲಿ ಬಹಳ ಸತಾಯಿಸುತ್ತವೆ. ಉಪ್ಪಿನ ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ. ಈಗಿನ ಬಣ್ಣಗಳಿಗೆ ಅದನ್ನು ನಂಬಿ ಕೂರಬೇಡಿ. ಹೆಚ್ಚುವರಿ ಬಣ್ಣ ಪೂರ್ತಿ ಹೋಗಿ ನೀರು ತಿಳಿಯಾಗುವವರೆಗೆ ಒಗೆಯುವುದೇ ದಾರಿ. ಐದಾರು ಸಲ ಒಗೆದರೂ ಬಿಡುತ್ತಲೇ ಇದ್ದರೆ ಆ ಅರಿವೆಯನ್ನು ಪಕ್ಕಕ್ಕಿಡಿ. ಎಷ್ಟೇ ಚೆಂದ ಇದ್ದರೂ.

ಮುಗಿದ ಕೌದಿ ಒಗೆಯುವಾಗ ಬಣ್ಣ ಹತ್ತಿದರೆ? ಒಣಗಲು ಬಿಡಬೇಡಿ, ಇಸ್ತ್ರಿಯ ಹತ್ತಿರವಂತೂ ಒಯ್ಯಲೇಬೇಡಿ. ಒಣಗಿದರೆ, ಕಾಯಿಸಿದರೆ ಆ ಕಲೆ ತೆಗೆಯುವುದು ಕಷ್ಟ. ದೊಡ್ಡ ಟಬ್ಬಿನಲ್ಲಿ ಕೌದಿ ಪೂರ್ತಿ ಮುಳುಗಿ ತೇಲುವಷ್ಟು ನೀರು ಹಾಕಿ, ಸ್ವಲ್ಪ ಸೋಪಿನ ಪುಡಿ ಕದಡಿ ನೆನೆಸಿ. ನೀರು ಬಣ್ಣ ತಿರುಗಿದ ಕೂಡಲೇ ಬದಲಿಸಿ. ನೀರು ಕಡಿಮೆ ಇದ್ದಷ್ಟೂ ಬಿಟ್ಟ ಬಣ್ಣ ತಿರುಗಿ ಅರಿವೆಗೇ ಹತ್ತುತ್ತದೆ.

ಲೆಕ್ಕ ಮತ್ತು ಕತ್ತರಿ

ಮುಂದೆ ದೊಡ್ಡ ಕೌದಿಗೆ ಬೇಕಾಗುವ ಲೆಕ್ಕ ಇಷ್ಟು. ಐದೂವರೆ ಮೀಟರ್ ಸೀರೆ ಅಂದರೆ ಸುಮಾರು 18 ಅಡಿ ಉದ್ದ, 46 ಇಂಚಿನ ಆಸುಪಾಸು ಅಗಲ. 5 ಅಡಿಯ ಮೂರು ತುಂಡು ಮಾಡಿ. ಎರಡು ತುಂಡನ್ನು ಅಂಚಿಗೆ ಅಂಚು ಕೂಡಿಸಿದರೆ 5 ಅಡಿ ಅಗಲ, ಏಳೂವರೆ ಅಡಿ ಉದ್ದದ ಒಂದು ಪದರ ಆಗುತ್ತದೆ. 5ಕ್ಕೆ 7 ಅಡಿಯ ಕೌದಿಗೆ ಅಷ್ಟು ಸಾಕು. ಎರಡು ಸೀರೆಯಲ್ಲಿ ಮೂರು ಪದರ ಬರುತ್ತವೆ, ಉಳಿದ ಮೂರ್ಮೂರು ಅಡಿ ತೇಪೆಗೆ. ಕಲಿಯುವವರಿಗೆ ಕೆಳಪದರ, ಒಳಪದರ, ಮೇಲಿನ ತುಂಡುಗಳು ಸೇರಿ ಮೂರು ಪದರ ಸಾಕು. ಐದರ ಮೇಲೆ ಹೋದರೆ ಬೆರಳು ಸೋಲುತ್ತದೆ, ಹಿಂದಿನ ಹೊಲಿಗೆ ಹದ ತಪ್ಪುತ್ತದೆ.

ಒಂದು ಪದರದ ಕೂಡು, ಅಂದರೆ ಎರಡು ತುಂಡು ಕೂಡುವ ಗೆರೆ, ಇನ್ನೊಂದು ಪದರದ ಕೂಡಿನ ಮೇಲೆ ಬರಬಾರದು. ಒಂದೆರಡು ಗೇಣು ಸರಿಸಿ ಹಾಕಿ. ಕೂಡುಗಳು ಒಂದರ ಮೇಲೊಂದು ಬಂದರೆ ಅಲ್ಲಿ ಗಡಸು ಏಣು ಏಳುತ್ತದೆ, ಮಲಗಿದವರ ಬೆನ್ನಿಗೆ ಒತ್ತುತ್ತದೆ.

ಕತ್ತರಿಸುವಾಗ ಹಾಸು-ಹೊಕ್ಕಿನ ಎಳೆಯ ಗುಂಟ ಹೋಗಿ. ಅಂಗಿಯ ತೋಳು, ಬ್ಲೌಸಿನ ಚೂರು ಓರೆಯಾಗಿ ಕತ್ತರಿಸಿದವು ಇರುತ್ತವೆ. ಓರೆ ಅಂಚು ರಬ್ಬರಿನಂತೆ ಹಿಗ್ಗುತ್ತದೆ. ಅಂಥ ತುಂಡನ್ನು ಕೌದಿಯ ಹೊರ ಅಂಚಿಗೆ ಹಾಕಿದರೆ ಅಂಚು ಅಲೆ ಅಲೆಯಾಗುತ್ತದೆ, ಏನು ಇಸ್ತ್ರಿ ಮಾಡಿದರೂ ಕೂರುವುದಿಲ್ಲ. ಅಂಥವನ್ನು ನಡುವೆ ಹಾಕಿ, ಇಲ್ಲವೇ ಚೌಕ ಮಾಡಿಕೊಳ್ಳಿ. ತೆಳು ಬಿಳಿ ಅರಿವೆಯ ಕೆಳಗೆ ದಟ್ಟ ಹೂವಿನ ಸೀರೆ ಹಾಸಬೇಡಿ, ನೆರಳು ಕಾಣುತ್ತದೆ.

ಹಾಸುವುದು, ನಡುವೆ ಹೊಟ್ಟೆ ಬರುವುದು

ಕಲಿಯುವವರ ಕೌದಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ತೊಂದರೆ ನಡುಭಾಗದ ಹೊಟ್ಟೆ. ಅಂಚು ಸರಿಯಾಗಿ ಕೂತಿರುತ್ತದೆ, ನಡುವೆ ಮಾತ್ರ ಅರಿವೆ ಉಬ್ಬಿ, ಒತ್ತಿದರೆ ಆ ಕಡೆ ಈ ಕಡೆ ಓಡಾಡುತ್ತದೆ. ಕೊನೆಗೆ ಅದನ್ನು ಮಡಿಕೆ ಮಾಡಿ ಅದರ ಮೇಲೇ ಹೊಲಿದುಬಿಡುತ್ತಾರೆ. ಇದು ಯಾಕಾಗುತ್ತದೆ ಅಂತ ತಿಳಿದರೆ ಕೌದಿಯ ಅರ್ಧ ವಿದ್ಯೆ ಬಂದಹಾಗೆ.

ಹೊಲಿಯುವಾಗ ಪ್ರತಿ ಸಾಲೂ ಮೇಲಿನ ಅರಿವೆಯನ್ನು ಒಂದಿಷ್ಟು ಮುಂದಕ್ಕೆ ತಳ್ಳುತ್ತದೆ. ಎಷ್ಟೇ ಹದವಾಗಿ ಹೊಲಿದರೂ ಇದು ತಪ್ಪುವುದಿಲ್ಲ. ತಳ್ಳಿದ ಅರಿವೆಗೆ ಹೊರಗೆ ಹೋಗಲು ದಾರಿ ಇದ್ದರೆ ತೊಂದರೆ ಇಲ್ಲ. ದಾರಿ ಇಲ್ಲದಿದ್ದರೆ ಅದು ಎಲ್ಲೋ ಒಂದು ಕಡೆ ಗುಡ್ಡೆಯಾಗುತ್ತದೆ.

ಕೌದಿ ಹೊಲಿಯುವ ರೀತಿ ಎರಡು ಇವೆ. ಒಂದರಲ್ಲಿ ಮೇಲಿನ ತುಂಡುಗಳನ್ನೆಲ್ಲ ಮೊದಲೇ ಕೂಡಿಸಿ ಪೂರ್ತಿ ಹಾಳೆ ಮಾಡಿಕೊಂಡು, ಆಮೇಲೆ ಪದರಗಳ ಮೇಲೆ ಹಾಸಿ ಹೊಲಿಯುತ್ತಾರೆ. ಇನ್ನೊಂದರಲ್ಲಿ ಅಂಚಿನಿಂದ ಶುರು ಮಾಡಿ, ಒಂದೊಂದೇ ತುಂಡು ಇಡುತ್ತಾ, ಅದರ ಅಂಚು ಒಳಕ್ಕೆ ಮಡಚುತ್ತಾ, ಸುತ್ತು ಸುತ್ತಾಗಿ ನಡುವಿನ ಕಡೆ ಬರುತ್ತಾರೆ. ಕಲಘಟಗಿ, ಅಳ್ನಾವರ ದಾಟಿ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವುದು ಹೀಗೆ ಅಂಚಿನಿಂದ ಒಳಕ್ಕೆ. ಅವರ ಕೌದಿಗಳಲ್ಲಿ ಸಾಲುಗಳು ಚೌಕದೊಳಗೆ ಚೌಕವಾಗಿ ಕಾಣುತ್ತವೆ.

ಎರಡೂ ರೀತಿ ಸರಿ. ಎರಡನ್ನೂ ಬೆರೆಸಿದಾಗಲೇ ಹೊಟ್ಟೆ ಬರುವುದು. ಅಂಚಿನಿಂದ ಒಳಕ್ಕೆ ಹೊಲಿಯುವಾಗ ಮುಂದಿನ ತುಂಡು ಇನ್ನೂ ಕೂತಿರುವುದಿಲ್ಲ. ತಳ್ಳಿದ ಅರಿವೆಯನ್ನು ಮುಂದಿನ ಮಡಿಕೆಯಲ್ಲಿ ಒಳಕ್ಕೆ ಸೇರಿಸಿಬಿಡಬಹುದು. ಅಂದರೆ ಪ್ರತಿ ತುಂಡಿನಲ್ಲೂ ತಿದ್ದಲು ಅವಕಾಶ ಇರುತ್ತದೆ. ಆದರೆ ಮೇಲಿನ ಹಾಳೆ ಪೂರ್ತಿ ಕೂಡಿಸಿ ಆಗಿದೆ, ನೀವು ಹೊಲಿಗೆ ಶುರು ಮಾಡುವುದು ಅಂಚಿನಿಂದ ಅಂತಾದರೆ, ನಾಲ್ಕೂ ಕಡೆಯಿಂದ ತಳ್ಳಿದ ಅರಿವೆ ನಡುವೆ ಬಂದು ಸಿಕ್ಕಿಕೊಳ್ಳುತ್ತದೆ. ಪೂರ್ತಿ ಹಾಳೆ ಇದ್ದರೆ ನಡುವಿನಿಂದ ಹೊರಕ್ಕೆ ಹೊಲಿಯಿರಿ. ತುಂಡು ತುಂಡಾಗಿ ಇಡುವುದಾದರೆ ಅಂಚಿನಿಂದ ಒಳಕ್ಕೆ ಬನ್ನಿ. ಮೊದಲ ಕೂಸಿನ ಕೌದಿಗೆ ನನ್ನ ಓಟು ಎರಡನೆಯ ರೀತಿಗೆ. ತಪ್ಪು ಆದಲ್ಲೇ ಕಾಣುತ್ತದೆ, ಅಲ್ಲೇ ತಿದ್ದಬಹುದು.

ಹಾಸುವ ಕ್ರಮ ಹೀಗೆ. ಪಡಸಾಲೆಯ ನೆಲ ಗುಡಿಸಿ ಒರೆಸಿ. ಕೆಳಪದರವನ್ನು ಒಳಮೈ ಮೇಲೆ ಬರುವಂತೆ ಹಾಸಿ. ನಡುವಿನಿಂದ ಅಂಚಿನ ಕಡೆಗೆ, ರೊಟ್ಟಿ ತಟ್ಟಿ ಅಗಲ ಮಾಡುವಂತೆ, ಅಂಗೈಯಿಂದ ಸವರುತ್ತಾ ಬನ್ನಿ. ನಾಲ್ಕು ಮೂಲೆಗೆ ಭಾರ ಇಡಿ, ಕಾಳಿನ ಡಬ್ಬಿ ಆದರೂ ನಡೆಯುತ್ತದೆ. ಆಮೇಲೆ ಒಳಪದರ, ಅದೇ ರೀತಿ. ಇಲ್ಲಿ ಬಹಳ ಜನ ಮಾಡುವ ತಪ್ಪು ಸುಕ್ಕು ಹೋಗಲಿ ಅಂತ ಕೆಳಪದರವನ್ನು ಬಿಗಿಯಾಗಿ ಜಗ್ಗಿ ಕಟ್ಟುವುದು. ಭಾರ ತೆಗೆದ ಕೂಡಲೇ ಅದು ತನ್ನ ಅಳತೆಗೆ ತಿರುಗಿ ಬರುತ್ತದೆ, ಮೇಲಿನ ಪದರಗಳು ಸುಕ್ಕಾಗುತ್ತವೆ. "ಜಗ್ಗಬ್ಯಾಡವಾ, ಅರಿವಿ ತನ್ನಷ್ಟಕ್ಕ ತಾನ ಕೂಡಲಿ" ಅಂತ ಕೌದಿ ಹೊಲಿಯುವ ಅವ್ವಂದಿರು ಗದರುವುದು ಇದಕ್ಕೇ. ಸುಕ್ಕು ಇದ್ದರೆ ಮೊದಲೇ ಇಸ್ತ್ರಿ ಮಾಡಿ, ನೆಲದ ಮೇಲೆ ಜಗ್ಗಬೇಡಿ.

ಹಾಸಿದ ಮೇಲೆ ಕಚ್ಚಾ ಹೊಲಿಗೆ. ದೊಡ್ಡ ದೊಡ್ಡ ಹೊಲಿಗೆ ಹಾಕಿ, ಗೇಣಿಗೊಂದು ಸಾಲಿನಂತೆ ಉದ್ದಕ್ಕೂ ಅಡ್ಡಕ್ಕೂ, ನಡುವಿನಿಂದ ಹೊರಕ್ಕೆ. ಬೇರೆ ಬಣ್ಣದ ದಾರ ಬಳಸಿ, ಆಮೇಲೆ ಕೀಳಲು ಸುಲಭ. ಬರೀ ಗುಂಡುಪಿನ್ ಚುಚ್ಚಿ ಬಿಟ್ಟರೆ ಕೌದಿ ಮಡಚಿ ಎತ್ತಿಡುವಾಗ ಪದರ ಸರಿಯುತ್ತದೆ, ಕೂಸು ಓಡಾಡುವ ಮನೆಯಲ್ಲಿ ಅಪಾಯವೂ ಹೌದು.

ಸೂಜಿ, ದಾರ, ಹಿಂದಿನ ಮಗ್ಗಲು

ದಬ್ಬಣ ಬೇಡ. ಅದು ಗೋಣಿಚೀಲಕ್ಕೆ ಸರಿ, ಹಳೆ ಅರಿವೆಯಲ್ಲಿ ಮುಚ್ಚದ ತೂತು ಮಾಡುತ್ತದೆ. ದಾರ ಹೋಗುವಷ್ಟು ಕಣ್ಣಿರುವ ಗಟ್ಟಿ ಸೂಜಿ ಸಾಕು. ದಾರ ಹತ್ತಿಯದೇ ಇರಲಿ. ನೈಲಾನ್, ಪಾಲಿಯೆಸ್ಟರ್ ದಾರ ಗಟ್ಟಿ ಅಂತ ತರುತ್ತಾರೆ, ಅದೇ ಗಟ್ಟಿತನ ಮೆತ್ತನೆ ಅರಿವೆಯನ್ನು ಕತ್ತರಿಸುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಅರಿವೆ ಹರಿದರೆ ತೇಪೆಯೇ ಗತಿ. ಹುಬ್ಬಳ್ಳಿಯಲ್ಲಿ ದುರ್ಗದಬೈಲ್, ಜವಳಿ ಸಾಲಿನ ಕಡೆ, ಧಾರವಾಡದಲ್ಲಿ ಸುಭಾಷ್ ರಸ್ತೆಯ ಕಡೆ ಹೋದಾಗ ಒಂದೇ ಬಣ್ಣದ ದಾರ ಬೇಕಾದಷ್ಟು ಒಮ್ಮೆಲೇ ತನ್ನಿ. ತಿಂಗಳು ಬಿಟ್ಟು ಹೋದರೆ ಅದೇ ಬಣ್ಣ ಸಿಗುವುದು ಖಾತ್ರಿ ಇಲ್ಲ.

ದಾರದ ಉದ್ದ ಒಂದು ಮೊಳ, ಹೆಚ್ಚೆಂದರೆ ಒಂದೂವರೆ ಮೊಳ. ಪದೇ ಪದೇ ಪೋಣಿಸುವುದು ಬೇಜಾರು ಅಂತ ಮಾರುಗಟ್ಟಲೆ ದಾರ ಹಾಕಿಕೊಂಡರೆ ಅದು ಸುರುಳಿ ಸುತ್ತಿ ಗಂಟಾಗುತ್ತದೆ. ಪದರಗಳ ನಡುವೆ ಸಾವಿರ ಸಲ ಉಜ್ಜಿ ಕೊನೆಯ ಭಾಗ ನವೆಯುತ್ತದೆ. ಆ ಕೌದಿಯಲ್ಲಿ ದಾರ ಎಲ್ಲೆಲ್ಲಿ ಹರಿದಿದೆ ನೋಡಿ, ಪ್ರತಿ ದಾರದ ಕೊನೆಯ ಗೇಣಿನಲ್ಲೇ ಹರಿದಿರುತ್ತದೆ. ದಾರ ಸುತ್ತಿಕೊಂಡರೆ ಸೂಜಿಯನ್ನು ಕೆಳಗೆ ಇಳಿಬಿಡಿ, ತಾನಾಗೇ ತಿರುಗಿ ಬಿಚ್ಚಿಕೊಳ್ಳುತ್ತದೆ.

ಹೊಲಿಗೆ ಹಾಕುವಾಗ ಸೂಜಿಯನ್ನು ನೆಟ್ಟಗೆ ಇಳಿಸಿ. ಕೆಳಗೆ ಎಡಗೈ ಬೆರಳಿಗೆ ತುದಿ ತಾಗಿದ ಕೂಡಲೇ ಮೇಲಕ್ಕೆ ತನ್ನಿ. ಸೂಜಿಯ ಮೇಲೆ ಮೂರು ನಾಲ್ಕು ಹೊಲಿಗೆ ಕೂಡಿಸಿಕೊಂಡು ಒಮ್ಮೆ ಎಳೆಯಿರಿ. ಮೇಲಿನ ಮೈಯಲ್ಲಿ ಇಂಚಿಗೆ ನಾಲ್ಕು ಹೊಲಿಗೆ ಕಂಡರೆ ಕಲಿಯುವವರಿಗೆ ಚಲೋ. ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚಿಂದ ಒಂದು ಇಂಚು ಇರಲಿ. ಜಾಸ್ತಿ ದೂರ ಹೋದರೆ ಒಗೆದಾಗ ಒಳಪದರ ಸರಿದು ಮುದ್ದೆಯಾಗುತ್ತದೆ.

ಮೇಲಿನ ಮೈ ಎಲ್ಲವನ್ನೂ ಮುಚ್ಚಿಡುತ್ತದೆ. ಎರಡು ಸಾಲಿಗೊಮ್ಮೆ ಕೌದಿ ತಿರುಗಿಸಿ ಹಿಂದಿನ ಮಗ್ಗಲು ನೋಡಿ. ಹಿಂದೆ ಹೊಲಿಗೆ ಚುಕ್ಕಿಯಷ್ಟೇ ಇದೆ, ಕೆಲವು ಕಡೆ ಇಲ್ಲವೇ ಇಲ್ಲ ಅಂದರೆ ಸೂಜಿ ಓರೆಯಾಗಿ ಹೋಗುತ್ತಿದೆ, ಕೆಳಪದರ ಹಿಡಿಯುತ್ತಿಲ್ಲ. ಹಿಂದಿನ ಹೊಲಿಗೆ ಮೇಲಿನದಕ್ಕಿಂತ ಉದ್ದ ಇದ್ದರೆ ಸೂಜಿ ಕೆಳಗೆ ಹೋದ ಮೇಲೆ ತಡವಾಗಿ ಮೇಲೆ ಬರುತ್ತಿದೆ. ಹೊಲಿಗೆಯ ಸುತ್ತ ಸಣ್ಣ ಸಣ್ಣ ಸುಕ್ಕು ಇದ್ದರೆ ದಾರ ಬಿಗಿ. ದಾರದ ಕೆಳಗೆ ಸೂಜಿಯ ತುದಿ ತೂರಿಸಿ ಎತ್ತಿ ನೋಡಿ, ಕುಣಿಕೆ ಎದ್ದು ನಿಂತರೆ ಸಡಿಲ. ಸಡಿಲ ಹೊಲಿಗೆಗೆ ಕಾಲುಂಗುರ ಸಿಕ್ಕಿಕೊಳ್ಳುತ್ತದೆ. ರಾತ್ರಿ ನಿದ್ದೆಗಣ್ಣಲ್ಲಿ ಕಾಲು ಜಗ್ಗಿದರೆ ಗೇಣುದ್ದ ಹೊಲಿಗೆ ಒಮ್ಮೆಲೇ ಕಿತ್ತುಬರುತ್ತದೆ. ಒಂದು ಸಾಲು ಮುಗಿದಾಗಲೆಲ್ಲ ದಾರದ ತುದಿ ಕತ್ತರಿಸುವ ಮೊದಲು ಅಂಗೈಯಿಂದ ಸಾಲನ್ನು ಎರಡೂ ಕಡೆ ಸವರಿ. ಬಿಗಿ ಇದ್ದದ್ದು ಸಡಿಲಗೊಂಡು ಹದಕ್ಕೆ ಬರುತ್ತದೆ.

ಗಂಟು ಹೊರಗೆ ಕಾಣಬಾರದು, ಒಳಪದರದಲ್ಲಿ ಇಳಿಯಬೇಕು. ದಾರ ಹಗುರವಾಗಿ ಜಗ್ಗಿದರೆ ಗಂಟು ಟಪ್ ಅಂತ ಮೇಲಿನ ಅರಿವೆ ದಾಟಿ ಒಳಗೆ ಹೋಗುತ್ತದೆ. ತೀರ ಸಡಿಲ ನೇಯ್ಗೆಯ ಅರಿವೆಯಲ್ಲಿ ಗಂಟು ನಿಲ್ಲುವುದಿಲ್ಲ, ಅಲ್ಲಿ ಎರಡು ಹೊಲಿಗೆ ಹಿಂದಕ್ಕೆ ಹಾಕಿ ಮುಂದೆ ಹೋಗಿ.

ಬಿಚ್ಚಬೇಕೋ, ಬಿಡಬೇಕೋ

ತಪ್ಪು ಕಂಡ ಕೂಡಲೇ ಬಿಚ್ಚುವುದು ಒಂದು ಚಟ. ಏನು ಕಂಡರೂ ಬಿಡು ಅನ್ನುವುದು ಇನ್ನೊಂದು ಚಟ. ನೋಡಬೇಕಾದ್ದು ಒಂದೇ: ಆ ತಪ್ಪು ಕೌದಿಯ ಬಾಳಿಕೆಗೆ ತೊಂದರೆಯೋ, ಬರೀ ಕಣ್ಣಿಗೆ ತೊಂದರೆಯೋ.

ಸಾಲು ಸೊಟ್ಟ, ಹೊಲಿಗೆ ಉದ್ದ-ಗಿಡ್ಡ, ಬಣ್ಣದ ಜೋಡಿ ಹೊಂದಲಿಲ್ಲ, ಒಂದು ತುಂಡು ತಲೆಕೆಳಗಾಯಿತು ಇವನ್ನೆಲ್ಲ ಬಿಡಿ. ಕೆಳಪದರ ಹಿಡಿಯದ ಸಾಲು, ಒಳಗೆ ಮಡಚಿಕೊಂಡ ಅರಿವೆ, ಮಡಚದೆ ಕತ್ತರಿಸಿದ ಅಂಚು ಹೊರಗೆ ಬಂದ ತುಂಡು, ಕುಣಿಕೆ ಏಳುವ ಸಡಿಲ ಹೊಲಿಗೆ ಇವನ್ನು ಬಿಚ್ಚಲೇಬೇಕು. ಇವು ಒಗೆದಷ್ಟೂ ಹೆಚ್ಚಾಗುತ್ತವೆ. ಬಿಗಿ ಸಾಲು ನಡುವಿನದು. ಸುಕ್ಕು ಸವರಿ ಹೋದರೆ ಬಿಡಿ, ಹೋಗದಿದ್ದರೆ ಬಿಚ್ಚಿ.

ಬಿಚ್ಚುವಾಗ ದಾರದ ತುದಿ ಹಿಡಿದು ಸರ್ ಅಂತ ಎಳೆಯಬೇಡಿ, ಹಳೆ ಅರಿವೆ ದಾರದ ಜೊತೆಗೇ ಸೀಳುತ್ತದೆ. ಮೇಲಿನಿಂದ ನಾಲ್ಕು ಹೊಲಿಗೆಗೊಂದನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಿ. ಕೌದಿ ತಿರುಗಿಸಿ, ಹಿಂದಿನಿಂದ ದಾರ ಎತ್ತಿದರೆ ತುಂಡು ತುಂಡಾಗಿ ಬರುತ್ತದೆ. ಉಳಿದ ತೂತುಗಳ ಮೇಲೆ ನೀರು ಚಿಮುಕಿಸಿ ಉಗುರಿನಿಂದ ಉದ್ದಕ್ಕೂ ಅಡ್ಡಕ್ಕೂ ಕೆರೆಯಿರಿ, ಎಳೆಗಳು ಹತ್ತಿರ ಸರಿದು ತೂತು ಮುಚ್ಚುತ್ತದೆ. ಬಿಚ್ಚುವ ಮೊದಲು ಫೋನಿನಲ್ಲಿ ಎರಡೂ ಮಗ್ಗಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಏನು ತಪ್ಪಾಗಿತ್ತು ಅಂತ ನೋಡಲು ಏನೂ ಉಳಿದಿರುವುದಿಲ್ಲ.

ಈಗಾಗಲೇ ಹೊಟ್ಟೆ ಬಂದ ಕೌದಿಗೆ ಪೂರ್ತಿ ಬಿಚ್ಚದೆ ಒಂದು ದಾರಿ ಇದೆ. ಉಬ್ಬಿದ ಜಾಗದಲ್ಲಿ ಎರಡು ತುಂಡು ಕೂಡುವ ಗೆರೆ ಹುಡುಕಿ, ಅಲ್ಲಿಯ ಹೊಲಿಗೆ ಮಾತ್ರ ಬಿಚ್ಚಿ. ಹೆಚ್ಚಿಗೆ ಇರುವ ಅರಿವೆಯನ್ನು ಕೂಡಿನೊಳಗೆ ಮಡಚಿ, ಹೊಸ ಗೆರೆ ಮಾಡಿ ಹೊಲಿಯಿರಿ. ಇಲ್ಲದಿದ್ದರೆ ಉಬ್ಬನ್ನು ಕತ್ತರಿಸಿ ಅದರ ಮೇಲೆ ಒಂದು ಚೌಕ ತೇಪೆ ಇಡಿ. ಕೌದಿಯಲ್ಲಿ ತೇಪೆ ಇನ್ನೊಂದು ತುಂಡಿನಂತೆಯೇ ಕಾಣುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ.

ಅಂಚು, ಮೂಲೆ

ಕೌದಿ ಮೊದಲು ಸವೆಯುವುದು ಅಂಚಿನಲ್ಲಿ. ಅದರಲ್ಲೂ ಗದ್ದಕ್ಕೆ ಉಜ್ಜುವ ತಲೆಯ ಕಡೆ. ಅಂಚಿಗೆ ಇದ್ದುದರಲ್ಲೇ ಗಟ್ಟಿ ಅರಿವೆ ಹಾಕಿ. ಸೀರೆಯ ದಡಿ ಇದಕ್ಕೆ ಹೇಳಿ ಮಾಡಿಸಿದ್ದು. ಎರಡು ಸಾಲು ಹತ್ತಿರ ಹತ್ತಿರ ಹೊಲಿಯಿರಿ. ನಾಲ್ಕು ಕಡೆಯ ಅಂಚೂ ಒಳಕ್ಕೆ ಬಟ್ಟಲಿನಂತೆ ಬಾಗಿದರೆ ಅಂಚಿನ ದಾರ ಬಿಗಿಯಾಗಿದೆ. ಅಲೆಯಾಗಿ ಹೊರಕ್ಕೆ ಬಿದ್ದರೆ ಓರೆ ಅರಿವೆ ಹಾಕಿದ್ದೀರಿ, ಇಲ್ಲವೇ ಹೊಲಿಯುವಾಗ ಅಂಚು ಜಗ್ಗಿದ್ದೀರಿ. ಮೂಲೆಯಲ್ಲಿ ಪದರಗಳೆಲ್ಲ ಸೇರಿ ದಪ್ಪ ಆಗುತ್ತದೆ. ಒಳಪದರದ ಮೂಲೆಯನ್ನು ಮಡಚುವ ಮೊದಲೇ ಓರೆಯಾಗಿ ಕತ್ತರಿಸಿದರೆ ಸೂಜಿ ಸಲೀಸಾಗಿ ಹೋಗುತ್ತದೆ. ಸಿದ್ದಿ ಕೌದಿಗಳ ಮೂಲೆಗೆ ಅರಿವೆಯನ್ನು ಮೂರು ಮೂಲೆಯಾಗಿ ಮಡಚಿ ಹೂವಿನಂತೆ ಕೂಡಿಸುತ್ತಾರೆ. ಮೂಲೆಯ ಆ ಹೂವಿಲ್ಲದೆ ಕೌದಿ ಮುಗಿದಂತೆ ಅಲ್ಲ ಅನ್ನುವುದು ಅವರ ಲೆಕ್ಕ. ನೀವೂ ಹಾಕಿ ನೋಡಿ, ಸವೆಯುವ ಮೂಲೆಗೆ ಬಲವೂ ಬಂದಂತೆ ಆಗುತ್ತದೆ.

ಒಗೆದು ನೋಡುವುದು, ಬರೆದಿಡುವುದು

ಕೌದಿ ಮುಗಿದ ವಾರದೊಳಗೆ ಒಮ್ಮೆ ಒಗೆಯಿರಿ. ಮಹಾನವಮಿಗೆ ಮನೆಯ ಹಾಸಿಗೆ ಎಲ್ಲ ಒಗೆಯುವವರೆಗೆ ಕಾಯಬೇಡಿ. ತಣ್ಣೀರಲ್ಲಿ ನೆನೆಸಿ, ತುಳಿದು, ಹಿಂಡದೆ ಒತ್ತಿ ನೀರು ತೆಗೆಯಿರಿ. ನೆನೆದ ಕೌದಿ ಭಾರಿ ಭಾರ. ಒಂದೇ ಹಗ್ಗದ ಮೇಲೆ ಮೂಲೆ ಹಿಡಿದು ನೇತುಹಾಕಿದರೆ ಆ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ಮಾಳಿಗೆಯ ಗೋಡೆಯ ಮೇಲೆ ಹೊದಿಸಿ, ಇಲ್ಲವೇ ಎರಡು ಹಗ್ಗದ ಮೇಲೆ ಹರಡಿ. ಧಾರವಾಡದ ಜಿಟಿಜಿಟಿ ಮಳೆ ಹಿಡಿದ ದಿನಗಳಲ್ಲಿ ಮಾತ್ರ ಒಗೆಯಬೇಡಿ. ಒಳಪದರ ಹಸಿ ಉಳಿದರೆ ಕಪ್ಪು ಬೂಸ್ಟು ಬರುತ್ತದೆ, ಆ ಚುಕ್ಕಿ ಹೋಗುವುದಿಲ್ಲ.

ಒಣಗಿದ ಮೇಲೆ ನೆಲಕ್ಕೆ ಹಾಸಿ ಅಳೆಯಿರಿ. ಉದ್ದ, ಅಗಲ, ಎರಡು ಕರ್ಣ. ಕರ್ಣಗಳು ಒಂದೇ ಅಳತೆ ಇಲ್ಲದಿದ್ದರೆ ಹಾಸುವಾಗಲೇ ಓರೆಯಾಗಿತ್ತು. ಆಮೇಲೆ ಕೌದಿಯ ಮೇಲೆ ಕೈಯಾಡಿಸಿ. ಉಬ್ಬು, ಏಣು, ಮುದ್ದೆ ಕಣ್ಣಿಗಿಂತ ಅಂಗೈಗೆ ಬೇಗ ಸಿಗುತ್ತವೆ.

ಒಂದು ಹಳೆ ನೋಟ್‌ಬುಕ್ ತೆಗೆದಿಡಿ. ಬಳಸಿದ ಪ್ರತಿ ಅರಿವೆಯ ಬೆರಳಗಲದ ಚೂರನ್ನು ಅದಕ್ಕೆ ಹೊಲಿದು, ಪಕ್ಕದಲ್ಲಿ ಬರೆಯಿರಿ. ಯಾವ ಸೀರೆ, ಒಗೆದಾಗ ಬಣ್ಣ ಬಿಟ್ಟಿತೋ, ಸೂಜಿ ಹೇಗೆ ಹೋಯಿತು, ಎಷ್ಟು ಕುಗ್ಗಿತು. ಕೌದಿಯ ಚಿತ್ರ ಒರಟಾಗಿ ಬರೆದು ತಪ್ಪು ಕಂಡ ಜಾಗಕ್ಕೆ ಗುರುತು ಹಾಕಿ. ಗುರುತುಗಳೆಲ್ಲ ಒಂದೇ ಅರಿವೆಯ ಮೇಲಿದ್ದರೆ ಅರಿವೆಯ ದೋಷ. ಒಂದೇ ಮಗ್ಗಲಿಗಿದ್ದರೆ ಹಾಸಿದ್ದರಲ್ಲಿ ದೋಷ. ಪ್ರತಿ ದಾರದ ಕೊನೆಗೇ ಇದ್ದರೆ ದಾರದ ಉದ್ದದ ದೋಷ. ಎಲ್ಲೆಂದರಲ್ಲಿ ಚೆದುರಿದ್ದರೆ ಕೈ ಇನ್ನೂ ಪಳಗಬೇಕು, ಅದಕ್ಕೆ ಇನ್ನಷ್ಟು ಹೊಲಿಯುವುದು ಬಿಟ್ಟರೆ ಮದ್ದಿಲ್ಲ.

ಎರಡನೆಯ ಕೌದಿಗೆ ಒಂದೇ ಸಂಗತಿ ಬದಲಿಸಿ. ದಾರ ಬದಲಿಸಿದರೆ ಅರಿವೆ ಅದೇ ರೀತಿಯದು ಇರಲಿ, ಹಾಸುವ ರೀತಿ ಬದಲಿಸಿದರೆ ದಾರ ಅದೇ ಇರಲಿ. ಎಲ್ಲ ಒಮ್ಮೆಲೇ ಬದಲಿಸಿದರೆ, ಕೌದಿ ಚಲೋ ಬಂದರೂ ಯಾಕೆ ಬಂತು ಅಂತ ತಿಳಿಯುವುದಿಲ್ಲ. ಕೌದಿ ಹೊಲಿಯುವ ಹಿರಿಯರು ಹತ್ತಿರದಲ್ಲಿದ್ದರೆ ನೋಟ್‌ಬುಕ್ಕಿನ ಜೊತೆ ಕೌದಿಯನ್ನೂ ಒಯ್ದು, ಹಿಂದಿನ ಮಗ್ಗಲು ಮೇಲೆ ಮಾಡಿ ಅವರ ಮುಂದೆ ಹಾಸಿ. "ಚಲೋ ಆಗೇತೇನ್ರಿ ಅವ್ವಾರ?" ಅಂತ ಕೇಳಿದರೆ ಮಂದಿ ಸುಮ್ನೆ ಹೊಗಳಿಬಿಡುತ್ತಾರೆ. "ಎಲ್ಲಿ ಬಿಚ್ಚಲಿ?" ಅಂತ ಕೇಳಿ.